ಮೂರು ಸ, ನಾಲ್ಕು ಜ಼, ಒಂದು ನಾಯಿ

ಹಲ್ಲಿನ ಸೆಟ್ಟು ಕಟ್ಟುವ ಮೇಸ್ತ್ರಿಯ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಹಲ್ಲು ಬಾಯಿಗೆ ಕೂತ ಮೇಲೆ ಗಿರಾಕಿ ಕನ್ನಡಿಯ ಮುಂದೆ ನೆಟ್ಟಗೆ ಕೂತು ಮೂರು ಮಾತು ಹೇಳಬೇಕು: ಸೂಜಿ, ಸಾಸಿವೆ, ಸೊಸೆ. ಮೂರೂ ಶಿಳ್ಳೆಯಿಲ್ಲದೆ ಹೊರಬಿದ್ದರೆ ಹಲ್ಲು ಪಾಸು. ಅತ್ತೆಯಂದಿರು ಬಂದಾಗ ಮಾತ್ರ ಮೇಸ್ತ್ರಿ ಸ್ವಲ್ಪ ರಿಯಾಯಿತಿ ತೋರಿಸುತ್ತಿದ್ದ. ಮೂರನೆಯ ಮಾತನ್ನು ಅವರು ಹಲ್ಲು ಕಡಿದೇ ಹೇಳುವುದರಿಂದ, ಅಲ್ಲಿ ಏಳುವ ಸದ್ದು ತನ್ನ ಕೆಲಸದ ದೋಷವೋ ಅವರ ಮನೆಯ ದೋಷವೋ ಎಂದು ತೀರ್ಮಾನಿಸುವುದು ಅವನಿಗೆ ಕಷ್ಟವಾಗುತ್ತಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಒಂದು ಸೆಟ್ಟೂ ವಾಪಸ್ಸು ಬಂದಿರಲಿಲ್ಲ. ಹಾಗಾಗಿ ಒಂದು ಸೋಮವಾರ ಬೆಳಗ್ಗೆ ಟೀಚರಮ್ಮ ಒಳಗೆ ಬಂದು, ಕರವಸ್ತ್ರದ ಗಂಟು ಬಿಚ್ಚಿ, ತಮ್ಮ ಹಲ್ಲನ್ನು ಅವನ ಮೇಜಿನ ಮೇಲೆ ಇಟ್ಟಾಗ ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತ.

ಟೀಚರಮ್ಮ ಎರಡು ಮನೆ ಆಚೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಮೂವತ್ತೆಂಟು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಉರ್ದು ಅಕ್ಷರ ತಿದ್ದಿಸಿ ನಿವೃತ್ತರಾದವರು. ಮೂರು ತಿಂಗಳ ಹಿಂದೆ ಇದ್ದಬದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡು, ಹೋದ ವಾರವಷ್ಟೇ ಮೇಸ್ತ್ರಿಯ ಕೈಯ ಸೆಟ್ಟು ಹಾಕಿಸಿಕೊಂಡು, ಸೂಜಿ ಸಾಸಿವೆ ಸೊಸೆಯನ್ನು ಒಂದೇ ಉಸಿರಿಗೆ ಹೇಳಿ ಪಾಸಾಗಿ ಹೋಗಿದ್ದರು. ಈಗ ಅವರು ತಂದ ದೂರು ನಾಯಿಯದು.

ಹಲ್ಲು ಬಂದ ಖುಷಿಗೆ ಅವರು ದಿನಾ ಬೆಳಗ್ಗೆ ಕಿಟಕಿಯ ಬಳಿ ಕೂತು ಒಂದು ಪದ್ಯವನ್ನು ಹೇಳಿ ನೋಡುತ್ತಿದ್ದರಂತೆ. ಮೊದಲ ಸಾಲಿಗೆ ಎದುರಿನ ಇಸ್ತ್ರಿಯವನ ನಾಯಿ ಕಿವಿ ನಿಮಿರಿಸಿತು. ಎರಡನೆಯದಕ್ಕೆ ಎದ್ದು ನಿಂತಿತು. ಮೂರನೆಯದಕ್ಕೆ ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಎದುರಿಗೆ ಬಂದು ಕೂತು ನಾಲಿಗೆ ಚಾಚಿತು. ನಾಲ್ಕು ದಿನವೂ ಹೀಗೇ. ವಯಸ್ಸಾದ ಮೇಲೆ ಶಿಳ್ಳೆಯಂಥ ಸಣ್ಣ ಸದ್ದು ತಮ್ಮ ಕಿವಿಗೆ ಹಿಡಿಯುವುದಿಲ್ಲವೆಂದು ಟೀಚರಮ್ಮ ಒಪ್ಪಿಕೊಂಡರು.

“ನಂಗೆ ಕೇಳ್ಸಲ್ಲ ಮೇಸ್ತ್ರಿ. ಆದ್ರೆ ನಾಯಿಗೆ ನನ್ ಮೇಲೇನೂ ದ್ವೇಷ ಇಲ್ವಲ್ಲ, ಸುಮ್ಸುಮ್ನೆ ಬರೋಕೆ.”

ಆ ಪದ್ಯ ಅವರ ಗಂಡನದು. ಗಂಡ ಗಡಿಯಾರ ರಿಪೇರಿಯವರು. ಇಡೀ ಜನ್ಮಕ್ಕೆ ಒಂದೇ ಪದ್ಯ ಕಟ್ಟಿದ್ದರು, ಉರ್ದುವಿನಲ್ಲಿ, ಏಳು ದ್ವಿಪದಿಯದು. ಅದನ್ನು ಕಾಗದದ ಮೇಲೆ ಇಳಿಸಿರಲಿಲ್ಲ. ಹೆಂಡತಿಯ ಬಾಯಿಗೆ ಕೊಟ್ಟು, ವರ್ಷಕ್ಕೊಮ್ಮೆ ನಾಲ್ಕು ಜನರೆದುರು ಹೇಳು ಅಂದಿದ್ದರು. ಓಣಿಯ ವಾಚನಾಲಯದ ಮಹಡಿಯಲ್ಲಿ ವರ್ಷಕ್ಕೊಂದು ಭಾನುವಾರ ಪದ್ಯ ಓದುವ ಕೂಟ ನಡೆಯುತ್ತಿತ್ತು. ಗಂಡ ಹೋಗಿ ಹನ್ನೊಂದು ವರ್ಷ. ಟೀಚರಮ್ಮ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ಪದ್ಯದ ಪ್ರತಿ ಸಾಲೂ ಒಂದು ‘ಸ್’ನಲ್ಲಿ ಹೋಗಿ ನಿಲ್ಲುತ್ತಿತ್ತು, ಗೋಡೆ ಗಡಿಯಾರ ಗಂಟೆ ಹೊಡೆಯುವ ಮೊದಲು ಒಳಗೊಳಗೇ ಉಸಿರೆಳೆದುಕೊಳ್ಳುತ್ತದಲ್ಲ, ಹಾಗೆ. ಅಲ್ಲಿ ಶಿಳ್ಳೆ ಬಂದರೆ ಗಡಿಯಾರ ಹೋಗಿ ಕುಕ್ಕರ್ ಆಗುತ್ತದೆ. ಈ ಸಲದ ಕೂಟ ಬರುವ ಭಾನುವಾರದ ಆಚೆ ಭಾನುವಾರ.

“ಜನ ನಕ್ಕುಬಿಟ್ರೆ ಮುಂದಿನ ವರ್ಷ ನಾನು ಬಾಯಿ ತೆಗೆಯೋಳಲ್ಲ. ನನ್ ಬಾಯಲ್ಲಿ ಬಿಟ್ರೆ ಅದು ಇನ್ನೆಲ್ಲೂ ಇಲ್ಲ,” ಅಂದರು ಟೀಚರಮ್ಮ.

ಅವರು ಹೇಳದಿದ್ದರೆ ಆ ಹೊತ್ತನ್ನು ಮಾಜಿ ಪೋಸ್ಟ್‌ಮಾಸ್ಟರು ತುಂಬುವುದೆಂದು ಕೂಟದ ಕಾರ್ಯದರ್ಶಿ ಆಗಲೇ ಗೊತ್ತು ಮಾಡಿದ್ದರು. ಪೋಸ್ಟ್‌ಮಾಸ್ಟರು ಅಂಚೆ ಇಲಾಖೆಯ ಮೇಲೆ ಇಪ್ಪತ್ತಾರು ಪದ್ಯ ಬರೆದು ಆರು ವರ್ಷದಿಂದ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಓಣಿಯವರು ಅವರನ್ನು ಕಂಡರೆ ಅಡ್ಡರಸ್ತೆ ಹಿಡಿಯುತ್ತಿದ್ದುದು ಅದಕ್ಕೇ.

ಪರೀಕ್ಷೆಯಲ್ಲಿ ಪಾಸಾದ ಹಲ್ಲು ಹೀಗೇಕೆ ಮಾಡಿತು ಎಂದು ಮೇಸ್ತ್ರಿ ತಲೆ ಕೆರೆದುಕೊಂಡ. ನಿನ್ನ ಪರೀಕ್ಷೆಯೇ ಪುಟ್ಟದು, ನಿನ್ನ ಬಳಿ ಇರುವುದು ಒಂದೇ ಸ, ನಮ್ಮಲ್ಲಿ ಮೂರು ಸ, ನಾಲ್ಕು ಜ಼ ಎಂದರು ಟೀಚರಮ್ಮ. ಮೂರರ ಸದ್ದೂ ಬೇರೆ ಬೇರೆಯಾ ಅಂತ ಮೇಸ್ತ್ರಿ ಗಾಬರಿಯಿಂದ ಕೇಳಿದ. ಇಲ್ಲ, ಸದ್ದು ಒಂದೇ, ಬರೆಯುವುದು ಮಾತ್ರ ಮೂರು. ಹಾಗಾದರೆ ಒಂದಿದ್ದರೆ ಸಾಲದೇ ಅಂದ.

“ನಿಮ್ಮನೇಲಿ ಅಣ್ಣತಮ್ಮಂದಿರು ಎಷ್ಟು ಜನ?”

“ಮೂರು.”

“ಫೋನಲ್ಲಿ ಮೂರು ಜನದ ದನಿನೂ ಒಂದೇ. ಹಾಗಂತ ಇಬ್ಬರನ್ನ ಮನೆಯಿಂದ ಕಳಿಸಿಬಿಡೋದಾ?”

ಮೇಸ್ತ್ರಿ ಮೇಜಿನ ಮೇಲಿನ ಹಲ್ಲನ್ನು ಕೈಗೆತ್ತಿಕೊಂಡ. ಸಣ್ಣಂದಿನಿಂದ ಯಾರೇ ಪದ್ಯ ಹೇಳಿದರೂ ಕಣ್ಣು ಮುಚ್ಚಿ ಕೇಳುತ್ತ ಕೂರುವ ಜೀವ ಅವನದು. ತಾನು ಕಟ್ಟಿದ ಹಲ್ಲು ಒಂದು ಪದ್ಯದ ಗಂಟಲು ಹಿಸುಕುವುದೆಂದರೆ ಅವನಿಗೆ ಅನ್ನ ಇಳಿಯುವ ಮಾತಲ್ಲ. ಉರ್ದುವಿನ ಒಂದೊಂದು ಅಕ್ಷರವೂ ತನ್ನ ಕಿವಿಗೆ ಕೂತರೆ ಮಾತ್ರ ಹಲ್ಲನ್ನು ಅದಕ್ಕೆ ತಕ್ಕಂತೆ ಕೂರಿಸಲು ಸಾಧ್ಯ ಎಂದು ಅವನು ನಿಶ್ಚಯಿಸಿದ. ನೀವು ಕಲಿಸಿ, ನಾನು ಕಲಿಯುತ್ತೇನೆ ಎಂದ. ಟೀಚರಮ್ಮನ ಹಲ್ಲನ್ನು ಒಂದು ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ, ಎಲ್ಲರ ಕಣ್ಣಿಗೂ ಬೀಳುವಂತೆ ಶೆಲ್ಫಿನ ಮೇಲಿಟ್ಟ. ಪಾಠ ಮರುದಿನವೇ ಶುರುವಾಯಿತು.

ದಿನಾ ಏಳರಿಂದ ಎಂಟು, ಅಂಗಡಿ ತೆರೆಯುವ ಮುಂಚೆ. ಟೀಚರಮ್ಮ ಸ್ಲೇಟಿನ ಮೇಲೆ ಒಂದು ದೋಣಿ ಬರೆದರು. ಕೆಳಗೆ ಒಂದು ಚುಕ್ಕೆಯಿಟ್ಟರೆ ಬೇ, ಮೂರಿಟ್ಟರೆ ಪೇ. ಮೇಲೆ ಎರಡಿಟ್ಟರೆ ತೇ, ಮೂರಿಟ್ಟರೆ ಸೇ. ಚುಕ್ಕೆ ಅಳಿಸಿ ತಲೆಗೊಂದು ಪುಟ್ಟ ಟೋಪಿ ಹಾಕಿದರೆ ಟೇ. ಒಂದೇ ಅಚ್ಚಿನಲ್ಲಿ ಐದು ದವಡೆ ತೆಗೆದಂತಿದ್ದ ಈ ಏರ್ಪಾಡು ಮೇಸ್ತ್ರಿಗೆ ಬಹಳ ಹಿಡಿಸಿತು. ದಾಲ್ ಮತ್ತು ರೇ ಅವನಿಗೆ ಅಷ್ಟು ಸೇರಲಿಲ್ಲ. ಅವು ಹಿಂದಿನ ಅಕ್ಷರದ ಕೈ ಹಿಡಿಯುತ್ತವೆ, ಮುಂದಿನದಕ್ಕೆ ಕೈ ಕೊಡುವುದಿಲ್ಲ. ಅಂಥವರು ತಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಚಿಕ್ಕಪ್ಪ ಎಂದ. ಎರಡು ಕಣ್ಣಿನ ಹೇ ಎಂಬುದೊಂದಿತ್ತು, ಕನ್ನಡಕ ಹಾಕಿದಂತೆ. ಅದು ಬಂದು ಬೇಯ ಪಕ್ಕ ನಿಂತರೆ ಬ ಹೋಗಿ ಭ ಆಗುತ್ತಿತ್ತು. ಐನ್ ಮಾತ್ರ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು, ಓದುವಾಗ ನೋಡಿದರೆ ತನ್ನದೆಂದು ಹೆಚ್ಚೇನೂ ಹೇಳುತ್ತಿರಲಿಲ್ಲ. ಅದು ಮಾವನವರು ಎಂದು ಮೇಸ್ತ್ರಿ ನೆನಪಿಟ್ಟುಕೊಂಡ.

ಅವನಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಸೀನ್. ಅದಕ್ಕೆ ಹಲ್ಲಿತ್ತು. ಸಾಲಾಗಿ ಪುಟ್ಟ ಮೊನೆಗಳು, ಆಮೇಲೆ ಒಂದು ತುಂಬಿದ ಬೋಗುಣಿ. ಬರವಣಿಗೆಯವರು ಒಮ್ಮೊಮ್ಮೆ ಆ ಹಲ್ಲನ್ನು ಬಿಟ್ಟು ಬರೀ ಉದ್ದನೆಯ ಗೆರೆ ಎಳೆಯುತ್ತಾರೆ, ಆದರೂ ಅದು ಸೀನೇ ಎಂದು ಹೇಳಿ ಟೀಚರಮ್ಮ ತಮ್ಮ ಬೋಳು ಒಸಡು ತೋರಿಸಿ ನಕ್ಕರು.

ಗಂಟಲಿನ ಅಕ್ಷರಗಳು ಬಂದ ದಿನ ಅಂಗಡಿಗೆ ಸ್ವಲ್ಪ ನಷ್ಟವಾಯಿತು. ಖ಼ೇ, ಘ಼ೈನ್, ಕ಼ಾಫ್. ಟೀಚರಮ್ಮ ಮೇಸ್ತ್ರಿಯ ಗಂಟಲಿಗೆ ಬೆರಳಿಟ್ಟು, ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಬಾವಿಯಿಂದ ಕೊಡ ಎತ್ತಿಸಿದಂತೆ ಎತ್ತಿಸುತ್ತಿದ್ದರು. ಬೇಗ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಿರಾಕಿಯೊಬ್ಬ, ಒಳಗೆ ಯಾರಿಗೋ ಏನೋ ಆಗುತ್ತಿದೆ ಎಂದು ತಿಳಿದು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಹೋದ. ಒಳಕೋಣೆಯಲ್ಲಿ ಹೊಲಿಗೆ ಮಿಷನ್ನಿಗೆ ಕೂತಿದ್ದ ಹೆಂಡತಿ ಮೂರು ದಿನ ಬಿಸಿ ಉಪ್ಪುನೀರು ತಂದಿಟ್ಟಳು. ನಾಲ್ಕನೆಯ ದಿನ ಅದು ಕಾಯಿಲೆಯಲ್ಲ, ವಿದ್ಯೆ ಎಂದು ಗೊತ್ತಾಗಿ ಕಿವಿಗೆ ಹತ್ತಿ ಇಟ್ಟುಕೊಂಡಳು. ಆದರೆ ಮೇಸ್ತ್ರಿಯ ಕ಼ಾಫ್ ಒಂದು ವಾರದಲ್ಲಿ ಎಂಥ ಚೆಂದ ಕುದುರಿತೆಂದರೆ, ಮೂವತ್ತೆಂಟು ವರ್ಷದಲ್ಲಿ ಇಂಥದ್ದನ್ನು ಹೇಳಿಸಿದ್ದು ನಾಲ್ಕೈದು ಮಕ್ಕಳ ಕೈಯಲ್ಲಿ ಮಾತ್ರ ಎಂದು ಟೀಚರಮ್ಮ ಬೆನ್ನು ತಟ್ಟಿದರು.

ಉಳಿದದ್ದು ಹಲ್ಲಿನ ಅಕ್ಷರಗಳು. ಮೇಸ್ತ್ರಿ ಕಣ್ಣು ಮುಚ್ಚಿ, ಟೀಚರಮ್ಮನ ಬಾಯಿಯ ಹತ್ತಿರ ಕಿವಿ ತಂದು, ಕೇಳಿದ್ದನ್ನು ಕೇಳಿದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಸೀನ್ ಎಂಬುದನ್ನು ನುಡಿಯುವುದು ‘ಥೀನ್’. ಜ಼ೇ ಎಂಬುದನ್ನು ‘ಧೇ’. ಫ಼ೇ ಎಂದರೆ ದೀಪ ಆರಿಸಿದ ಹಾಗೆ ಒಂದು ‘ಪ್ಹೂ’. ಅವನಿಗೆ ಎಲ್ಲ ಬೆಳಕಾಯಿತು. ಉರ್ದುವಿನ ಸ ನಮ್ಮ ಸ ಅಲ್ಲವೇ ಅಲ್ಲ, ಅದಕ್ಕೇ ಸಾಸಿವೆಯ ಹಲ್ಲಿನಲ್ಲಿ ಅದು ಹೊರಳಲಿಲ್ಲ. ಅವನು ತನ್ನ ಗಟ್ಟಿಮುಟ್ಟಾದ ಮೂವತ್ತೊಂದು ಹಲ್ಲುಗಳೂ ದಾರಿ ಬಿಟ್ಟು ನಿಲ್ಲುವಂತೆ ನಾಲಿಗೆಯನ್ನು ಪಳಗಿಸಿದ. ಸ್ನಾನ ಮಾಡುವಾಗ ಥೀನ್, ಪ್ಲಾಸ್ಟರ್ ಕಲಸುವಾಗ ಧೇ. ಸಣ್ಣ ಸದ್ದು ಕಿವಿಗೆ ಹಿಡಿಯದ ಟೀಚರಮ್ಮ ಅವನ ತುಟಿಯನ್ನೇ ದಿಟ್ಟಿಸಿ ನೋಡಿ, ಥೇಟ್ ನನ್ನ ಹಾಗೇ ಬರ್ತಿದೆ ಎಂದು ತಲೆದೂಗುತ್ತಿದ್ದರು.

ಶೆಲ್ಫಿನ ಮೇಲಿನ ಲೋಟದಲ್ಲಿ ಅವರ ಹಲ್ಲು ತಣ್ಣಗೆ ಕೂತು ಇದನ್ನೆಲ್ಲ ನೋಡುತ್ತಿತ್ತು.

ಕೂಟದ ಭಾನುವಾರ ಬಂತು. ಶುರುವಾಗುವುದು ಸಂಜೆ ನಾಲ್ಕಕ್ಕೆ. ಅಷ್ಟರಲ್ಲಿ ಮೇಸ್ತ್ರಿ ಮುಂದಿನ ಆರು ಹಲ್ಲನ್ನು ಒಂದಿಷ್ಟೇ ಹಿಂದಕ್ಕೆ ಸರಿಸಿ ಕೂರಿಸಿದ್ದ. ಬೆಳಗ್ಗೆ ಒಂಬತ್ತಕ್ಕೆ ಟೀಚರಮ್ಮ ಮನಸ್ಸಿನಲ್ಲೇ ದೇವರನ್ನು ನೆನೆದು ಹಲ್ಲು ಹಾಕಿಕೊಂಡರು.

“ಸೀನ್,” ಅಂದರು.

ಮೇಸ್ತ್ರಿಯ ಮುಖ ಹುಳ್ಳಗಾಯಿತು. ನೋಟ್‌ಬುಕ್ಕು ತಿರುವಿ ನೋಡಿದ. ಇಲ್ಲ, ತಪ್ಪು ಬರುತ್ತಿದೆ, ಅಕ್ಷರ ಮೊನಚಾಗಿದೆ, ಮೆತ್ತಗೆ ಬರಬೇಕು ಎಂದ. ಥೀನ್ ಎಂದು ತಾನೇ ಹೇಳಿ ತೋರಿಸಿದ. ಹನ್ನೆರಡು ದಿನ ಇಷ್ಟು ಶ್ರದ್ಧೆಯಿಂದ ಕಲಿತ ಶಿಷ್ಯನ ಮಾತಿಗೆ ಟೀಚರಮ್ಮ ಎದುರಾಡಲಿಲ್ಲ. ತಮ್ಮ ಕಿವಿಯನ್ನು ಅವರು ಎಂದೋ ಕೈಬಿಟ್ಟಿದ್ದರು. ಮೇಸ್ತ್ರಿ ಅರ ತೆಗೆದು ಆರು ಹಲ್ಲಿನ ತುದಿಯನ್ನು ಒಂದು ಕೂದಲಷ್ಟು ಉಜ್ಜಿದ. ಮತ್ತೆ ಹಾಕಿಸಿದ. ಇನ್ನೂ ಮೊನಚು. ಮತ್ತೆ ಉಜ್ಜಿದ. ಹೀಗೆ ಹನ್ನೊಂದು ಸಲ. ಹತ್ತೂವರೆಯ ಹೊತ್ತಿಗೆ ಮುಂದಿನ ಹಲ್ಲು ಅಕ್ಕಿಕಾಳಿನಷ್ಟು ಉಳಿದಾಗ, ಗುರು ಶಿಷ್ಯರಿಬ್ಬರೂ ಒಟ್ಟಿಗೆ ಥೀನ್ ಅಂದರು. ಎರಡು ದನಿಯ ನಡುವೆ ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೇಲಾಗಿ ಎದುರು ಇಸ್ತ್ರಿ ಮೇಜಿನ ಕೆಳಗೆ ನಾಯಿ ಮಲಗೇ ಇತ್ತು. ಇನ್ನೇನು ಬೇಕು. ಮೇಸ್ತ್ರಿ ಸಂತೋಷದಿಂದ ಕೈ ತೊಳೆದುಕೊಂಡ, ಟೀಚರಮ್ಮ ಗಂಡನ ಪದ್ಯದ ಮೊದಲ ದ್ವಿಪದಿ ಶುರು ಮಾಡಿದರು.

ಪೋಸ್ಟ್‌ಮಾಸ್ಟರು ಒಳಗೆ ಬಂದದ್ದು ಆಗಲೇ. ಇಸ್ತ್ರಿ ಮಾಡಿದ ಕೋಟು, ಜೇಬಿನಲ್ಲಿ ಇಪ್ಪತ್ತಾರು ಪದ್ಯ. ಅವರದ್ದೂ ಮೇಸ್ತ್ರಿಯೇ ಕಟ್ಟಿದ ಹಲ್ಲು. ಮುಂದಿನದೊಂದು ಸಣ್ಣಗೆ ಅಲ್ಲಾಡುತ್ತಿದೆ, ಸಂಜೆಯೊಳಗೆ ಬಿಗಿ ಮಾಡಿಕೊಡು ಎನ್ನಲು ಬಂದಿದ್ದರು. ಎರಡು ಸಾಲು ಕೇಳಿದರು. ಅವರು ಸುಮ್ಮನಿದ್ದಿದ್ದರೆ ವೇದಿಕೆ ಅವರದೇ ಆಗುತ್ತಿತ್ತು. ತಾವ್ಯಾಕೆ ಸುಮ್ಮನಿರಲಿಲ್ಲ ಎಂದು ಅವರು ಆಮೇಲೆ ಎಷ್ಟೋ ಸಲ ಯೋಚಿಸಿದ್ದುಂಟು. ಆದರೆ ಬಾಯಿ ತಡೆಯಲಿಲ್ಲ.

“ಟೀಚರಮ್ಮ, ಅದು ಸೀನ್ ಅಲ್ಲ. ಒಂದನೇ ಕ್ಲಾಸಲ್ಲಿ ನಾನು ಹೀಗಂದಿದ್ರೆ ಬೆಂಚ್ ಹತ್ತಿಸಿರೋರು ನೀವು.”

ಮೇಸ್ತ್ರಿ ನೋಟ್‌ಬುಕ್ಕನ್ನು ಅವರ ಮೂಗಿಗೆ ಹಿಡಿದ. ಟೀಚರಮ್ಮನ ಬಾಯಿಂದ ಬಿದ್ದದ್ದನ್ನು ಬಿದ್ದ ಹಾಗೇ ಬರೆದಿದ್ದೇನೆ, ಒಂದು ಉಸಿರೂ ಆಚೀಚೆ ಮಾಡಿಲ್ಲ ಎಂದ. ಪೋಸ್ಟ್‌ಮಾಸ್ಟರು ಪುಟ ನೋಡಿದರು. ಇದನ್ನು ಕಲಿತದ್ದು ಯಾವಾಗ ಎಂದು ಕೇಳಿದರು. ಈ ಹನ್ನೆರಡು ದಿನದಲ್ಲಿ ಎಂದ ಮೇಸ್ತ್ರಿ.

“ಆಗ ಅವರ ಹಲ್ಲೆಲ್ಲಿತ್ತು?”

ಮೂವರೂ ಶೆಲ್ಫಿನ ಮೇಲಿನ ಖಾಲಿ ಲೋಟವನ್ನು ನೋಡಿದರು.

ಒಳಗೆ ಹೊಲಿಗೆ ಮಿಷನ್ನು ನಿಂತಿತು. ಟೀಚರಮ್ಮ ಮೋಟು ಹಲ್ಲನ್ನು ಬಾಯಿಂದ ತೆಗೆದು, ಅಂಗೈಯಲ್ಲಿಟ್ಟುಕೊಂಡು, ಸ್ಲೇಟು ಒಡೆದ ಮಗುವಿನ ಹಾಗೆ ಕೂತರು. ಹನ್ನೆರಡು ದಿನ ಹೇಳಿಕೊಟ್ಟದ್ದು ಒಸಡಿನ ಉರ್ದು ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ, ಹೋಗಲಿ ಬಿಡು ಮೇಸ್ತ್ರಿ, ಈ ವರ್ಷ ಬೇಡ ಎಂದರು. ಅವರು ಅಂದದ್ದು ಅಷ್ಟೇ. ಆದರೆ ಮೇಸ್ತ್ರಿಗೆ ಕೇಳಿಸಿದ್ದು, ಯಾರೋ ಗೋಡೆ ಗಡಿಯಾರದ ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದ ಹಾಗೆ.

ಗಂಟೆ ನೋಡಿದ. ಹನ್ನೊಂದು. ಆರು ಮೋಟು ಹಲ್ಲು ಬಿಡಿಸಿ ಹೊಸ ಆರನ್ನು ಮೇಣದಲ್ಲಿ ನಿಲ್ಲಿಸಲು ಒಂದೂವರೆ ಗಂಟೆ. ಸದ್ದು ನೋಡಿ ಸರಿ ಮಾಡಲು ಒಂದು. ಗುಲಾಬಿ ಒಸಡು ಎರೆದು ಗಟ್ಟಿಯಾಗಿಸಿ ಸಾಣೆ ಹಿಡಿಯಲು ಇನ್ನೊಂದು. ಆಗುತ್ತದೆ. ಆದರೆ ಸರಿಯಾದ ಸೀನ್ ಎಂದರೆ ಹೇಗಿರುತ್ತದೆ ಎಂದು ಅವನ ಕಿವಿಗೆ ಯಾರಾದರೂ ಹೇಳುತ್ತಿರಬೇಕು. ಅವನು ಪೋಸ್ಟ್‌ಮಾಸ್ಟರ ಕಡೆ ತಿರುಗಿದ. ಪೋಸ್ಟ್‌ಮಾಸ್ಟರು ಕೋಟಿನ ಜೇಬು ಮುಟ್ಟಿ ನೋಡಿಕೊಂಡು, ತಮಗೂ ಒಂದಿಷ್ಟು ತಯಾರಿ ಇದೆ, ಗಂಟಲು ಉಳಿಸಿಕೊಳ್ಳಬೇಕು ಎಂದು ಬಾಗಿಲ ಕಡೆ ಹೆಜ್ಜೆಯಿಟ್ಟರು.

“ಕೂತ್ಕೋ,” ಅಂದರು ಟೀಚರಮ್ಮ.

ಅರವತ್ತಮೂರು ವರ್ಷದ ಪೋಸ್ಟ್‌ಮಾಸ್ಟರು ಕೈ ಕಟ್ಟಿಕೊಂಡು ಕೂತರು.

ಆಮೇಲೆ ನಡೆದ ಪಾಠವನ್ನು ಆ ಅಂಗಡಿ ಹಿಂದೆ ಕಂಡಿರಲಿಲ್ಲ, ಮುಂದೆ ಕಾಣುವುದೂ ಬೇಡ. ಪೋಸ್ಟ್‌ಮಾಸ್ಟರು ಸೀನ್ ಎನ್ನುತ್ತಿದ್ದರು, ಮೇಣದ ಹಲ್ಲು ಹಾಕಿಕೊಂಡ ಟೀಚರಮ್ಮ ಸೀನ್ ಎನ್ನುತ್ತಿದ್ದರು, ಮೇಸ್ತ್ರಿ ಕಣ್ಣು ಮುಚ್ಚಿ ನಡುವೆ ಕೂತು ಎರಡನ್ನೂ ತೂಗುತ್ತಿದ್ದ. ಹಲ್ಲಿನ ಅಕ್ಷರ ಪೋಸ್ಟ್‌ಮಾಸ್ಟರ ಬಾಯಲ್ಲಿ ಚೊಕ್ಕವಾಗಿತ್ತು, ಗಂಟಲಿನದು ಮಾತ್ರ ಹುಟ್ಟಾ ಅಡ್ಡಾದಿಡ್ಡಿ. ಕ಼ಾಫ್‌ನ ಬದಲು ಬರೀ ಕಾಫ್ ಅನ್ನುತ್ತಿದ್ದರು. ಅಂಥ ಹೊತ್ತಿನಲ್ಲೂ ಟೀಚರಮ್ಮನಿಗೆ ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಮೇಸ್ತ್ರಿ, ಇವನಿಗೆ ಒಂದ್ಸಲ ಹೇಳಿ ತೋರಿಸು ಎಂದರು. ಕೈಯಲ್ಲಿ ಕಾದ ಚೂರಿ ಹಿಡಿದೇ ಮೇಸ್ತ್ರಿ ಬಾವಿಯ ತಳದಿಂದ ಒಂದು ಕ಼ಾಫ್ ಎತ್ತಿ ಕೊಟ್ಟ. ಪೋಸ್ಟ್‌ಮಾಸ್ಟರು ನಾಚಿಕೊಂಡರು.

ಸೀನ್ ಅರವತ್ತು ಸಲ ಆದ ಮೇಲೆ ಶಿಳ್ಳೆ ಇದೆಯೋ ಇಲ್ಲವೋ ಎಂದು ಯಾರಿಗೂ ತಿಳಿಯದಾಯಿತು. ಆಗ ಮೇಸ್ತ್ರಿಯ ಹೆಂಡತಿ ಕಿವಿಯ ಹತ್ತಿ ತೆಗೆದು, ಇಷ್ಟೆಲ್ಲ ಒದ್ದಾಡುವ ಬದಲು ಗೊತ್ತಿರೋರನ್ನ ಕರೆಸಬಾರದಾ ಎಂದು ಗೊಣಗಿ, ಎರಡು ಬಿಸ್ಕತ್ತು ಹಿಡಿದು ರಸ್ತೆ ದಾಟಿ, ನಾಯಿಯನ್ನು ಕರೆತಂದು ಕನ್ನಡಿಯ ಪಕ್ಕ ಕೂರಿಸಿದಳು.

ಟೀಚರಮ್ಮ ಸೀನ್ ಅಂದರು. ನಾಯಿಯ ಎರಡೂ ಕಿವಿ ಎದ್ದವು. ಮೇಸ್ತ್ರಿ ನಡುವಿನ ಎರಡು ಹಲ್ಲನ್ನು ಉಗುರಿನಷ್ಟು ಒಳಗೆ ತಳ್ಳಿದ. ಒಂದು ಕಿವಿ ಇಳಿಯಿತು. ಪಕ್ಕದ ಹಲ್ಲನ್ನು ಕೂದಲಷ್ಟು ತಿರುಗಿಸಿದ. ಇನ್ನೊಂದೂ ಇಳಿಯಿತು. ಸೇ, ಸೀನ್, ಸ್ವಾದ್ ಮೂರಕ್ಕೂ ನಾಯಿ ಅಲ್ಲಾಡಲಿಲ್ಲ. ನಾಲ್ಕನೆಯ ಜ಼ ಮುಗಿಯುವಷ್ಟರಲ್ಲಿ ಬಾಯಗಲಿಸಿ ಆಕಳಿಸಿತು. ಮೇಸ್ತ್ರಿ ಒಸಡು ಎರೆಯಲು ಒಳಗೋಡಿದ. ಈ ಗಡಿಬಿಡಿಯಲ್ಲಿ ಪೋಸ್ಟ್‌ಮಾಸ್ಟರ ಅಲ್ಲಾಡುವ ಹಲ್ಲು ಅವರ ನೆನಪಿಗೂ ಬರಲಿಲ್ಲ, ಮೇಸ್ತ್ರಿಯ ನೆನಪಿಗೂ ಬರಲಿಲ್ಲ.

ನಾಲ್ಕಕ್ಕೆ ವಾಚನಾಲಯದ ಮಹಡಿಯಲ್ಲಿ ನಲವತ್ತು ಕುರ್ಚಿ ತುಂಬಿದ್ದವು. ಬಿಸ್ಕತ್ತಿನ ಋಣಕ್ಕೆ ನಾಯಿಯೂ ಹಿಂದೆ ಬಂದು ಬಾಗಿಲ ಬಳಿ ಮಲಗಿತ್ತು. ಟೀಚರಮ್ಮ ಎದ್ದು ನಿಂತರು. ಮೂರನೆಯ ಸಾಲಿನಲ್ಲಿ ಕೂತ ಮೇಸ್ತ್ರಿ ಅವರನ್ನು ನೋಡಲಿಲ್ಲ; ಕುತ್ತಿಗೆ ಹೊರಳಿಸಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಾಯಿಯನ್ನೇ ನೋಡುತ್ತಿದ್ದ.

ಮೊದಲ ಸಾಲು ‘ಸ್’ ಎಂದು ನಿಂತಿತು. ನಾಯಿಯ ಒಂದು ಕಿವಿ ಅದುರಿತು. ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದ. ಕಿವಿಯ ಮೇಲಿಂದ ಒಂದು ನೊಣ ಹಾರಿಹೋಯಿತು, ಕಿವಿ ಮತ್ತೆ ಬಿತ್ತು. ಎರಡನೆಯ ಸಾಲು. ಮೂರನೆಯದು. ನಾಯಿ ಮುಂಗಾಲಿನ ಮೇಲೆ ತಲೆಯಿಟ್ಟಿತು. ನಾಲ್ಕನೆಯ ದ್ವಿಪದಿಯ ಹೊತ್ತಿಗೆ ಮೇಸ್ತ್ರಿಗೆ ನಾಯಿ ಮರೆತುಹೋಗಿ ಕಣ್ಣು ತಾನಾಗಿ ಮುಚ್ಚಿತು. ಪ್ರತಿ ಸಾಲಿನ ಕೊನೆಯಲ್ಲೂ ಒಂದು ಗಡಿಯಾರ ಮೆಲ್ಲಗೆ ಉಸಿರೆಳೆಯುತ್ತಿತ್ತು. ಯಾವುದು ಹಲ್ಲಿರುವ ಸೀನ್, ಯಾವುದು ಮೂರು ಚುಕ್ಕೆಯ ಸೇ ಎಂದು ಅವನಿಗೆ ತಿಳಿಯಲಿಲ್ಲ. ಮೂರು ಅಣ್ಣತಮ್ಮಂದಿರು ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಏಳನೆಯದು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಗಂಟೆ ಹೊಡೆಯುತ್ತದೇನೋ ಎಂದು ಕಾದರು. ಆಮೇಲೆ ತಟ್ಟಿದ್ದು ತಟ್ಟಿದ್ದೇ.

ಪೋಸ್ಟ್‌ಮಾಸ್ಟರಿಗೂ ಐದು ನಿಮಿಷ ಕೊಡಿ, ಇವತ್ತು ಅವನಿಲ್ಲದಿದ್ದರೆ ನಾನಿಲ್ಲ ಎಂದು ಟೀಚರಮ್ಮನೇ ಕಾರ್ಯದರ್ಶಿಗೆ ಹೇಳಿದರು. ಪೋಸ್ಟ್‌ಮಾಸ್ಟರು ಜೇಬಿನಿಂದ ಕಾಗದ ತೆಗೆದು, ಗಂಟಲು ಸರಿಮಾಡಿ, ಮೊದಲ ಪದ್ಯ ಎತ್ತಿದರು. ಅರವತ್ತು ಸೀನ್ ತಿಂದಿದ್ದ ಅವರ ಮುಂದಿನ ಹಲ್ಲು ಈಗ ಬಾಗಿಲಿನ ಸಡಿಲ ಚಿಲಕದಂತಾಗಿತ್ತು. ಮೊದಲ ಸಕಾರಕ್ಕೇ ನಾಯಿ ಎದ್ದಿತು. ಎರಡನೆಯದಕ್ಕೆ ಕುರ್ಚಿಗಳ ನಡುವಿನಿಂದ ನೆಟ್ಟಗೆ ಬಂದು, ಅವರ ಎದುರು ಕೂತು, ಪಾಲಿಶ್ ಮಾಡಿದ ಬೂಟಿನ ಮೇಲೆ ಕಾಲಿಟ್ಟು, ಮುಖವನ್ನೇ ನೋಡುತ್ತ ನಾಲಿಗೆ ಚಾಚಿತು. ಸಭೆ ಬಿದ್ದು ಬಿದ್ದು ನಕ್ಕಿತು. ಪೋಸ್ಟ್‌ಮಾಸ್ಟರು ನಿಲ್ಲಿಸಲಿಲ್ಲ. ಆರು ವರ್ಷದಲ್ಲಿ ಇಷ್ಟು ಏಕಾಗ್ರತೆಯಿಂದ ಯಾರೂ ಅವರನ್ನು ಕೇಳಿರಲಿಲ್ಲ. ಇಪ್ಪತ್ತಾರನ್ನೂ ಆ ನಾಯಿಗೇ ಓದಿದರು.

ಮರುದಿನ ಹಲ್ಲು ಬಿಗಿ ಮಾಡಿಕೊಡುತ್ತೇನೆ ಬನ್ನಿ ಎಂದು ಮೇಸ್ತ್ರಿ ಹೇಳಿ ಕಳಿಸಿದರೆ, ಅವಸರವೇನಿಲ್ಲ, ಇರಲಿ ಬಿಡು ಎಂದು ಉತ್ತರ ಬಂತು.

ಟೀಚರಮ್ಮ ಮಾತ್ರ ಏಳಕ್ಕೇ ಬಂದಿದ್ದರು, ಸ್ಲೇಟಿನ ಜೊತೆ. ಈಗ ಹಲ್ಲು ಬಂದಿದೆಯಲ್ಲ, ಸೀನ್‌ನಿಂದ ಮತ್ತೆ ಶುರು ಮಾಡೋಣ ಎಂದರು. ಒಂದು ಗಂಟೆ ತಿದ್ದಿದರೂ ಮೇಸ್ತ್ರಿಯ ನಾಲಿಗೆ ಹನ್ನೆರಡು ದಿನದ ಹಾದಿಯನ್ನು ಬಿಡಲೊಲ್ಲದು. ಎಂಟು ಗಂಟೆಗೆ ಮೊದಲ ಗಿರಾಕಿ ಬಂದಳು. ದಪ್ಪ ಹುಬ್ಬಿನ ಒಬ್ಬ ಅತ್ತೆ, ಪಕ್ಕದಲ್ಲಿ ಚೀಲ ಹಿಡಿದು ನಿಂತ ಸೊಸೆ. ಮೇಸ್ತ್ರಿ ಹೊಸ ಹಲ್ಲು ಕೂರಿಸಿ, ಕನ್ನಡಿ ತಿರುಗಿಸಿ, ನಾನು ಹೇಳಿದ ಹಾಗೇ ಹೇಳಬೇಕಮ್ಮ ಎಂದ.

“ಥೂಜಿ, ಥಾಥಿವೆ, ಥೊಥೆ.”

ಅತ್ತೆ ಕನ್ನಡಿ ನೋಡಿಕೊಂಡು ವಿಧೇಯಳಾಗಿ ಹೇಳಿದಳು. ಮೂರನೆಯ ಮಾತು ಆ ಬಾಯಿಂದ ಅಷ್ಟು ಮೆತ್ತಗೆ ಬಂದದ್ದು ಅದೇ ಮೊದಲಿರಬೇಕು. ಪಕ್ಕದಲ್ಲಿದ್ದವಳು ಬೇರೆ ಯಾರನ್ನೋ ಕರೆದರೆಂದು ತಿರುಗಿ ನೋಡಿದಳು. ಹಲ್ಲು ಪಾಸಾಯಿತು.